ಒಂಟಿ ಕಪ್ಪುರಂಧ್ರಗಳ ಪತ್ತೆಗೆ ಗುರುತ್ವ ಮಸೂರವನ್ನು ನೆಚ್ಚಬಹುದೇ?

ಪರ

ಜೊತೆಗಾರ ನಕ್ಷತ್ರವಿಲ್ಲದ ಕಪ್ಪುರಂಧ್ರವನ್ನು ತೂಗಲು ನಮ್ಮ ಬಳಿ ಇರುವುದು ಇದೊಂದೇ ತಕ್ಕಡಿ. ಕಪ್ಪುರಂಧ್ರ ದೂರದ ನಕ್ಷತ್ರವೊಂದರ ಮುಂದೆ ಹಾದಾಗ ಅದರ ಗುರುತ್ವ ಬೆಳಕನ್ನು ಮಸೂರದಂತೆ ಬಾಗಿಸಿ, ಹಿಂದಿನ ನಕ್ಷತ್ರ ಹೊಳಪೇರಿ ಮತ್ತೆ ಮಂಕಾಗುತ್ತದೆ. 2011ರಲ್ಲಿ ಇಂಥ ಹೊಳಪೇರಿಕೆಗಳನ್ನು ಹುಡುಕುವ ಓಗ್ಲ್ ಮತ್ತು ಮೋವಾ ಸಮೀಕ್ಷೆಗಳು ಕ್ಷೀರಪಥದ ನಡುಭಾಗದತ್ತ ಕಂಡ ಘಟನೆಯ ಕಾಲಮಾನ ಸುಮಾರು 270 ದಿನ. ಸಾಮಾನ್ಯ ನಕ್ಷತ್ರ ಮಸೂರವಾದರೆ ಕೆಲವೇ ವಾರ.

ಕಾಲ ಉದ್ದವಾದ ಮಾತ್ರಕ್ಕೆ ಕಪ್ಪುರಂಧ್ರವೆನ್ನಲಾಗದು, ನಿಧಾನವಾಗಿ ಸಾಗುವ ಸಣ್ಣ ನಕ್ಷತ್ರವೂ ಹಾಗೆ ಮಾಡಬಲ್ಲದು. ಅದಕ್ಕೇ ಎರಡು ಅಳತೆ ಬೇಕು. ಭೂಮಿ ಸೂರ್ಯನನ್ನು ಸುತ್ತುವುದರಿಂದ ಹೊಳಪಿನ ರೇಖೆಯಲ್ಲಿ ಮೂಡುವ ಸೊಟ್ಟು ಪ್ಯಾರಲಾಕ್ಸ್ (ನೋಡುವ ಜಾಗ ಬದಲಾದಾಗ ತೋರುವ ವ್ಯತ್ಯಾಸದ ಅಳತೆ) ಕೊಡುತ್ತದೆ, ಇಲ್ಲಿ 0.089. ಹಬಲ್ ದೂರದರ್ಶಕ 2011ರಿಂದ 2017ರವರೆಗೆ ಅಳೆದ, ಹಿಂದಿನ ನಕ್ಷತ್ರದ ತೋರಿಕೆಯ ಸ್ಥಾನಪಲ್ಲಟ ಐನ್‌ಸ್ಟೈನ್ ತ್ರಿಜ್ಯ (ಮಸೂರದ ಪ್ರಭಾವವಲಯದ ಕೋನೀಯ ಅಳತೆ) ಕೊಡುತ್ತದೆ, 5.18 ಮಿಲಿ ಆರ್ಕ್‌ಸೆಕೆಂಡ್. ಡಿಗ್ರಿಯ 3,600ನೇ ಒಂದು ಭಾಗ ಆರ್ಕ್‌ಸೆಕೆಂಡ್, ಅದರ ಸಾವಿರದಲ್ಲೊಂದು ಪಾಲು ಮಿಲಿ ಆರ್ಕ್‌ಸೆಕೆಂಡ್. 0.089ನ್ನು 8.14 ಎಂಬ ಸ್ಥಿರಾಂಕದಿಂದ ಗುಣಿಸಿ, ಬಂದದ್ದರಿಂದ 5.18ನ್ನು ಭಾಗಿಸಿದರೆ ಸೂರ್ಯನ 7.1 ಪಟ್ಟು ದ್ರವ್ಯರಾಶಿ ಸಿಗುತ್ತದೆ. ಸುಮಾರು 5,000 ಜ್ಯೋತಿರ್ವರ್ಷದಾಚೆ ಅಷ್ಟು ಭಾರದ ನಕ್ಷತ್ರವಿದ್ದರೆ ಢಾಳಾಗಿ ಕಾಣಬೇಕಿತ್ತು. ಅಲ್ಲಿ ಬೆಳಕೇ ಇಲ್ಲ.

ಪಲ್ಲಟ ಅತಿ ಹೆಚ್ಚಾಗುವುದು ಹೊಳಪಿನ ತುದಿಯಲ್ಲಲ್ಲ, ಹೊಳಪು ಇಳಿದು ಮಾಮೂಲಿಗಿಂತ ಶೇ. 15ರಷ್ಟೇ ಹೆಚ್ಚಿದ್ದಾಗ. ಅಷ್ಟರಲ್ಲಿ ದೂರದರ್ಶಕವನ್ನು ಬೇರೆಡೆ ತಿರುಗಿಸಿದರೆ ಪಟ್ಟ ಶ್ರಮವೆಲ್ಲ ಹೋಯಿತು.

ವಿರೋಧ

ತಕ್ಕಡಿ ಒಂದೇ ಎನ್ನುವುದೇ ತೊಡಕು. ಅದೇ ಹಬಲ್ ಚಿತ್ರಗಳಿಂದ 2022ರಲ್ಲಿ ಇನ್ನೊಂದು ತಂಡ ತೆಗೆದ ಉತ್ತರ ಸೂರ್ಯನ 1.6ರಿಂದ 4.4 ಪಟ್ಟು, ಅಂದರೆ ನ್ಯೂಟ್ರಾನ್ ನಕ್ಷತ್ರವೂ (ಭಾರೀ ನಕ್ಷತ್ರ ಸಿಡಿದ ಮೇಲೆ ಉಳಿಯುವ ಸಾಂದ್ರ ತಿರುಳು) ಆಗಬಹುದಿತ್ತು. 0.4 ಆರ್ಕ್‌ಸೆಕೆಂಡ್ ಪಕ್ಕದಲ್ಲೇ ಸುಮಾರು 20 ಪಟ್ಟು ಪ್ರಖರವಾದ ನಕ್ಷತ್ರವೊಂದಿದೆ, ಅದರ ಬೆಳಕು ಅಳೆಯಬೇಕಾದ ಚುಕ್ಕೆಯ ಮೇಲೆ ಚೆಲ್ಲುತ್ತದೆ. ಕ್ಯಾಮೆರಾದ ಒಂದು ಪಿಕ್ಸೆಲ್ 40 ಮಿಲಿ ಆರ್ಕ್‌ಸೆಕೆಂಡ್, ಹುಡುಕುತ್ತಿರುವ ಪಲ್ಲಟ ಎರಡು ಮಿಲಿ ಆರ್ಕ್‌ಸೆಕೆಂಡಿಗಿಂತ ಕಡಿಮೆ. ಚೆಲ್ಲಿದ ಬೆಳಕನ್ನು ಕಳೆಯುವಾಗ ಕೂದಲೆಳೆ ತಪ್ಪಿದರೂ ತೂಕ ತಲೆಕೆಳಗಾಗುತ್ತದೆ. ಆಮೇಲಿನ ಮರುವಿಶ್ಲೇಷಣೆಗಳು 6ರಿಂದ 8ರ ನಡುವೆ ನಿಂತಿವೆ, ಇದು ಕಪ್ಪುರಂಧ್ರವೆಂದು ಒಪ್ಪೋಣ. ಆದರೆ ನಕ್ಷತ್ರದ ಜೋಡಿಯಲ್ಲಿರುವ ಗಾಯಾ ಬಿಎಚ್1 ಎಂಬ ಕಪ್ಪುರಂಧ್ರದ ಜೋಡಿ 186 ದಿನಕ್ಕೊಮ್ಮೆ ಒಂದು ಸುತ್ತು ಮುಗಿಸುತ್ತದೆ, ಮತ್ತೆ ಮತ್ತೆ ಅಳೆಯಬಹುದು. ಮಸೂರ ಒಮ್ಮೆ ಹಾದುಹೋದರೆ ಮರಳಿ ಬರುವುದಿಲ್ಲ.

ನ್ಯೂಟ್ರಾನ್ ನಕ್ಷತ್ರಗಳ ಮಟ್ಟಿಗೆ ಸ್ಥಿತಿ ಇನ್ನೂ ಕಷ್ಟ. ದ್ರವ್ಯರಾಶಿ 1.4 ಪಟ್ಟಾದರೆ, ಅದೇ ದೂರದಲ್ಲಿ ಪಲ್ಲಟ ಅರ್ಧಕ್ಕಿಂತ ಕಡಿಮೆ. ಹುಟ್ಟುವಾಗ ಬಿದ್ದ ಒದೆತದಿಂದ ಸೆಕೆಂಡಿಗೆ ನೂರಾರು ಕಿಲೋಮೀಟರ್ ಓಡುತ್ತಿದ್ದರೆ ಘಟನೆ ಬೇಗ ಮುಗಿದು ಪ್ಯಾರಲಾಕ್ಸ್ ಅಳೆಯಲಾಗದಷ್ಟು ಕುಗ್ಗುತ್ತದೆ. ಭಾರವಾದ ಶ್ವೇತಕುಬ್ಜವೂ (ಸಣ್ಣ ನಕ್ಷತ್ರ ಸತ್ತ ಮೇಲೆ ಉಳಿಯುವ ತಿರುಳು) ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ, ಹಾಗಾಗಿ ತೂಕ ಸಿಕ್ಕರೂ ಯಾವುದೆಂದು ಹೇಳುವುದು ಕಷ್ಟ.

ನಾಸಾದ ರೋಮನ್ ಬಾಹ್ಯಾಕಾಶ ದೂರದರ್ಶಕದ ಯೋಜನೆಯಂತೆ 12 ನಿಮಿಷಕ್ಕೊಂದು ಚಿತ್ರ ಸಿಗುತ್ತದೆ ನಿಜ, ಆದರೆ ಒಮ್ಮೆಗೆ ಸತತವಾಗಿ ನೋಡುವ ಒಂದು ಋತು ಸುಮಾರು 70 ದಿನ, ಘಟನೆಯೋ ಇನ್ನೂ ಉದ್ದ. ಉಳಿದ ಏರಿಳಿತವನ್ನು ನೆಲದಿಂದ ಹಿಡಿಯೋಣವೆಂದರೆ, ಡಿಸೆಂಬರ್ ಆಸುಪಾಸಿನಲ್ಲಿ ಆ ದಿಕ್ಕಿನಲ್ಲಿ ಸೂರ್ಯನೇ ಇರುತ್ತಾನೆ.