ಸೋಲ್ ಸಂಗೀತದ ನಿಜವಾದ ಹೊಸ ಬಿಡುಗಡೆ ಹಳೇ ಡೆಮೊ ಟೇಪುಗಳಲ್ಲಿದೆ

ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಹಳೆಯ ಸೋಲ್ ಸಂಗೀತ ಕೇಳುವವರಿಗೆ ಇತ್ತೀಚೆಗೆ ಸುದ್ದಿ ಅಂದರೆ ಹೆಚ್ಚಾಗಿ ಸಾವಿನ ಸುದ್ದಿ. 2025ರ ಜನವರಿಯಲ್ಲಿ ಸ್ಯಾಮ್ ಅಂಡ್ ಡೇವ್ ಜೋಡಿಯ ಸ್ಯಾಮ್ ಮೂರ್ ಹೋದರು. ಫೆಬ್ರವರಿಯಲ್ಲಿ ಜೆರ್ರಿ ಬಟ್ಲರ್, ಅದೇ ತಿಂಗಳು ರೊಬರ್ಟಾ ಫ್ಲ್ಯಾಕ್. ಜೂನ್‌ನಲ್ಲಿ ಸ್ಲೈ ಸ್ಟೋನ್. ಪ್ರತಿ ಸಲವೂ ಎಲ್ಲರೂ ಒಂದೊಂದು ಹಾಡಿನ ಲಿಂಕ್ ಹಾಕುತ್ತೇವೆ. ಮನಸ್ಸು ಭಾರವಾಗುತ್ತದೆ. ಎರಡು ದಿನ ಬರೀ ಅವರದೇ ಹಾಡು ಕೇಳುತ್ತೇವೆ.

ಇನ್ನೊಂದು ಬಗೆಯ ಸುದ್ದಿ ಅಂದರೆ ಮರುಬಿಡುಗಡೆ. ನಮಗೆಲ್ಲ ಬಾಯಿಪಾಠ ಆಗಿರುವ ಅದೇ ಹತ್ತು ಹದಿನೈದು ಆಲ್ಬಂಗಳು. ಈ ವರ್ಷ ಕೆಂಪು ವಿನೈಲ್, ಮುಂದಿನ ವರ್ಷ ನೀಲಿ ವಿನೈಲ್. ಕೊಳ್ಳುವವರು ಕೊಳ್ಳಲಿ, ನನ್ನ ತಕರಾರೇನೂ ಇಲ್ಲ. ಆದರೆ ಅದನ್ನು ಹೊಸ ಬಿಡುಗಡೆ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಯಾರೂ ಕೇಳದೇ ಇದ್ದ ಧ್ವನಿ ಹೊರಗೆ ಬಂದರೆ ಅದು ಹೊಸದು. ಅಂಥದ್ದೊಂದು 2023ರ ಜೂನ್‌ನಲ್ಲಿ ಬಂತು. ನಮ್ಮ ಕಡೆ ಅದರ ಬಗ್ಗೆ ಮಾತಾಡಿದವರು ತೀರಾ ಕಡಿಮೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅದರ ಹೆಸರು ‘ರಿಟನ್ ಇನ್ ದೇರ್ ಸೋಲ್’. ಅಮೆರಿಕದ ಮೆಂಫಿಸ್ ಊರಿನ ಸ್ಟ್ಯಾಕ್ಸ್ ಅನ್ನುವ ರೆಕಾರ್ಡ್ ಕಂಪನಿಗೆ ಹಾಡು ಬರೆಯುತ್ತಿದ್ದವರ ಡೆಮೊಗಳ ಸಂಗ್ರಹ. 7 ಸಿಡಿಯ ಒಂದು ಪೆಟ್ಟಿಗೆ, 146 ಹಾಡು. ಅದರಲ್ಲಿ 140 ಹಿಂದೆಂದೂ ಹೊರಗೆ ಬಂದೇ ಇರಲಿಲ್ಲ. ಶೆರಿಲ್ ಪಾವೆಲ್ಸ್ಕಿ ಅನ್ನುವ ನಿರ್ಮಾಪಕಿ 17 ವರ್ಷ ಇದರ ಹಿಂದೆ ಬಿದ್ದಿದ್ದರು. 2024ರಲ್ಲಿ ಇದಕ್ಕೆ ಎರಡು ಗ್ರ್ಯಾಮಿ ಬಂತು. ಒಂದು ಐತಿಹಾಸಿಕ ಆಲ್ಬಂ ವಿಭಾಗದಲ್ಲಿ, ಇನ್ನೊಂದು ಜೊತೆಗಿರುವ ಬರಹಕ್ಕೆ. ಆ ಬರಹ ರಾಬರ್ಟ್ ಗಾರ್ಡನ್ ಮತ್ತು ಡೀನಿ ಪಾರ್ಕರ್ ಅವರದು. ಡೀನಿ ಪಾರ್ಕರ್ ಹೊರಗಿನವರಲ್ಲ. ಸ್ಟ್ಯಾಕ್ಸ್‌ನಲ್ಲೇ ಹಾಡು ಬರೆದವರು, ಅಲ್ಲೇ ಪ್ರಚಾರದ ಕೆಲಸ ನೋಡಿಕೊಂಡವರು. ಅವರ ಹಾಡುಗಳೂ ಈ ಪೆಟ್ಟಿಗೆಯಲ್ಲಿವೆ.

ಡೆಮೊ ಅಂದರೆ ಏನು ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸಿನಿಮಾ ಸಂಗೀತದಲ್ಲಿ ಟ್ರ್ಯಾಕ್ ಹಾಡುವವರು ಇರುತ್ತಾರಲ್ಲ, ದೊಡ್ಡ ಗಾಯಕರು ಬಂದು ಹಾಡುವ ಮೊದಲು ಹಾಡಿಟ್ಟು ಹೋಗುವವರು, ಹೆಚ್ಚುಕಡಿಮೆ ಹಾಗೆ. ಒಂದೇ ವ್ಯತ್ಯಾಸ: ಸ್ಟ್ಯಾಕ್ಸ್‌ನಲ್ಲಿ ಬಹಳ ಸಲ ಬರೆದವರೇ ಹಾಡಿಡುತ್ತಿದ್ದರು. ಈ ಹಾಡು ನಿಮಗೆ ಹೊಂದುತ್ತದಾ ನೋಡಿ ಅಂತ ಗಾಯಕರಿಗೆ ಕೇಳಿಸಲು. ಗಾಯಕರು ಒಪ್ಪಿದರೆ ಹಾಡು ರೆಕಾರ್ಡ್ ಆಗುತ್ತಿತ್ತು. ಒಪ್ಪದಿದ್ದರೆ ಟೇಪು ಕಪಾಟು ಸೇರುತ್ತಿತ್ತು. ಒಪ್ಪಿದರೂ ಟೇಪು ಕಪಾಟಿಗೇ. ಅದರ ಕೆಲಸ ಅಲ್ಲಿಗೆ ಮುಗಿಯಿತು.

ಮೆಂಫಿಸ್‌ನ ಈಸ್ಟ್ ಮೆಕ್ಲಿಮೋರ್ ಅವೆನ್ಯೂದಲ್ಲಿ, 926ನೇ ನಂಬರಿನ ಹಳೇ ಸಿನಿಮಾ ಥಿಯೇಟರಿನಲ್ಲಿ ಸ್ಟ್ಯಾಕ್ಸ್ ಇತ್ತು. ನಡೆಸುತ್ತಿದ್ದವರು ಜಿಮ್ ಸ್ಟೀವರ್ಟ್ ಮತ್ತು ಅವರ ಅಕ್ಕ ಎಸ್ಟೆಲ್ ಆಕ್ಸ್‌ಟನ್. ರೆಕಾರ್ಡಿಂಗ್ ಯಂತ್ರ ಕೊಳ್ಳಲು ಎಸ್ಟೆಲ್ ತಮ್ಮ ಮನೆಯನ್ನೇ ಅಡವಿಟ್ಟಿದ್ದರು. ಥಿಯೇಟರಿನಲ್ಲಿ ತಿಂಡಿ ಮಾರುತ್ತಿದ್ದ ಜಾಗವನ್ನು ರೆಕಾರ್ಡ್ ಅಂಗಡಿ ಮಾಡಿಕೊಂಡರು. ಒಳಗೆ ಆಗಷ್ಟೇ ರೆಕಾರ್ಡ್ ಆದ ಹಾಡನ್ನು ಅಂಗಡಿಗೆ ಬಂದ ಬೀದಿಯ ಹುಡುಗರಿಗೆ ಹಾಕಿ ಕೇಳಿಸುತ್ತಿದ್ದರು. ಅವರು ಕುಣಿದರೋ ಇಲ್ಲವೋ ಅಂತ ನೋಡುತ್ತಿದ್ದರು. ಹೋಮರ್ ಬ್ಯಾಂಕ್ಸ್ ಆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ. ಡೀನಿ ಪಾರ್ಕರ್ ಕೂಡ ಅಲ್ಲೇ ಕೌಂಟರಿನಲ್ಲಿ ನಿಂತವರು. ಜನಕ್ಕೆ ಯಾವ ಹಾಡು ನಾಟುತ್ತದೆ ಅನ್ನುವ ಪಾಠ ಅವರಿಗೆ ಆ ಕೌಂಟರಿನಲ್ಲೇ ಆಯಿತು ಅಂತ ನನಗೆ ಅನಿಸುತ್ತದೆ.

ನನಗೆ ಇವರೆಲ್ಲರಲ್ಲಿ ಜಾಸ್ತಿ ಇಷ್ಟವಾದವರು ಬೆಟ್ಟಿ ಕ್ರಚರ್. ನರ್ಸ್ ಆಗಿ ಕೆಲಸ ಮಾಡುತ್ತಿದ್ದರು. ಒಬ್ಬರೇ ಮೂರು ಗಂಡುಮಕ್ಕಳನ್ನು ಸಾಕುತ್ತಿದ್ದರು. ಆ ನಡುವೆಯೇ ಹಾಡು ಬರೆದುಕೊಂಡು ಸ್ಟ್ಯಾಕ್ಸ್ ಬಾಗಿಲಿಗೆ ಬಂದರು. ಹೋಮರ್ ಬ್ಯಾಂಕ್ಸ್ ಮತ್ತು ರೇಮಂಡ್ ಜಾಕ್ಸನ್ ಜೊತೆ ಸೇರಿ ‘ವಿ ಥ್ರೀ’ ಅಂತ ಒಂದು ತಂಡ ಕಟ್ಟಿಕೊಂಡರು. 1968ರಲ್ಲಿ ಜಾನಿ ಟೇಲರ್ ಹಾಡಿದ ‘ಹೂಸ್ ಮೇಕಿಂಗ್ ಲವ್’ ಈ ತಂಡದ ಹಾಡು. ಕಂಪನಿ ತುಂಬಾ ಕಷ್ಟದಲ್ಲಿದ್ದ ಹೊತ್ತಿನಲ್ಲಿ ಅದು ಅಮೆರಿಕದ ರಿದಮ್ ಅಂಡ್ ಬ್ಲೂಸ್ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಜಾನಿ ಟೇಲರ್ ಹೆಸರು ಎಲ್ಲರಿಗೂ ಗೊತ್ತು. ಬೆಟ್ಟಿ ಕ್ರಚರ್ ಹೆಸರು ಎಷ್ಟು ಜನಕ್ಕೆ ಗೊತ್ತು? ಅವರು 2022ರಲ್ಲಿ ತೀರಿಕೊಂಡರು. ಈ ಪೆಟ್ಟಿಗೆ ಬಂದಿದ್ದು ಅದರ ಮರುವರ್ಷ. ಈ ಹೊತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಒಂದು ಹಾಡನ್ನು ಮಾತ್ರ ಹತ್ತಿರದಿಂದ ನೋಡೋಣ. ‘ರೆಸ್ಪೆಕ್ಟ್ ಯುವರ್‌ಸೆಲ್ಫ್’. 1971ರಲ್ಲಿ ಸ್ಟೇಪಲ್ ಸಿಂಗರ್ಸ್ ಹಾಡಿದ್ದು ನಿಮಗೆ ಗೊತ್ತೇ ಇರುತ್ತದೆ. ಮೊದಲು ಅಪ್ಪ, ಪಾಪ್ಸ್ ಸ್ಟೇಪಲ್ಸ್, ದನಿ ಏರಿಸದೆ ಮೆಲ್ಲಗೆ ಶುರು ಮಾಡುತ್ತಾರೆ. ಮನೆಯ ಹಿರಿಯರು ಜಗಲಿಯಲ್ಲಿ ಕೂತು ಬುದ್ಧಿ ಹೇಳಿದ ಹಾಗೆ. ಆಮೇಲೆ ಮಗಳು ಮೇವಿಸ್ ಬರುತ್ತಾರೆ. ಎದೆಯಾಳದಿಂದ ಬರುವ ಆ ಗಡಸು ದನಿ ಕೇಳಿದ ತಕ್ಷಣ ಹಾಡಿನ ತೂಕವೇ ಬದಲಾಗುತ್ತದೆ. ಈ ಹಾಡು ಬರೆದವರು ಲೂಥರ್ ಇಂಗ್ರಾಮ್ ಮತ್ತು ಮ್ಯಾಕ್ ರೈಸ್. ಮ್ಯಾಕ್ ರೈಸ್ ಅಂದರೆ ‘ಮಸ್ಟಾಂಗ್ ಸ್ಯಾಲಿ’ ಬರೆದವರು. ಆ ಹಾಡೂ ಅದನ್ನು ಹಾಡಿದ ವಿಲ್ಸನ್ ಪಿಕೆಟ್ ಹೆಸರಲ್ಲೇ ಜನರ ಬಾಯಲ್ಲಿ ಉಳಿಯಿತು.

ಈ ಸಂಗ್ರಹದಲ್ಲಿ ಮ್ಯಾಕ್ ರೈಸ್ ಹಾಡಿದ ‘ರೆಸ್ಪೆಕ್ಟ್ ಯುವರ್‌ಸೆಲ್ಫ್’ ಡೆಮೊ ಇದೆ. ಮೊದಲ ಸಲ ಕೇಳಿದಾಗ ನಾನು ಅಲುಗಾಡದೆ ಕೂತುಬಿಟ್ಟೆ. ಇಲ್ಲಿ ಅಪ್ಪ ಮಗಳು ಇಲ್ಲ, ಕುಟುಂಬದ ಕೋರಸ್ ಇಲ್ಲ. ಬರೆದ ಮನುಷ್ಯ ತಾನೇ ತನ್ನ ಮಾತು ಹೇಳುತ್ತಿದ್ದಾನೆ. ಮೇವಿಸ್ ಹಾಡಿದ್ದಕ್ಕಿಂತ ಇದು ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ, ಆ ಹೋಲಿಕೆಯೇ ಬೇಡ. ಆದರೆ ಇದನ್ನು ಕೇಳಿದ ಮೇಲೆ ಆ ಹಾಡು ಆಕಾಶದಿಂದ ಬೀಳಲಿಲ್ಲ, ಒಬ್ಬರ ಸಿಟ್ಟಿನಿಂದ, ಕಾಳಜಿಯಿಂದ ಹುಟ್ಟಿತು ಅಂತ ಕಿವಿಗೇ ಗೊತ್ತಾಗುತ್ತದೆ. ಮ್ಯಾಕ್ ರೈಸ್ 2016ರಲ್ಲಿ ಹೋದರು. ಅವರಿಗೂ ಈ ಪೆಟ್ಟಿಗೆ ನೋಡಲು ಸಿಗಲಿಲ್ಲ.

ಇಷ್ಟು ವರ್ಷ ಯಾಕೆ ಬೇಕಾಯಿತು ಅಂತ ಕೇಳಬಹುದು. ಸ್ಟ್ಯಾಕ್ಸ್‌ನ ಕತೆಯೇ ಹಾಗೆ ಚೂರುಚೂರಾಗಿ ಹಂಚಿಹೋಗಿದೆ. 1968ರಲ್ಲಿ, ಸ್ಟ್ಯಾಕ್ಸ್ ರೆಕಾರ್ಡುಗಳನ್ನು ಹಂಚುತ್ತಿದ್ದ ಅಟ್ಲಾಂಟಿಕ್ ಕಂಪನಿ ಜೊತೆಗಿನ ಒಪ್ಪಂದ ಮುರಿದಾಗಲೇ ಜಿಮ್ ಸ್ಟೀವರ್ಟ್‌ಗೆ ಒಂದು ವಿಷಯ ಗೊತ್ತಾಯಿತು. ಅಟ್ಲಾಂಟಿಕ್ ಹಂಚಿದ ರೆಕಾರ್ಡುಗಳ ಮಾಸ್ಟರ್ ಟೇಪುಗಳೆಲ್ಲ, ಅಂದರೆ ಮೂಲ ಟೇಪುಗಳೆಲ್ಲ, ಅಟ್ಲಾಂಟಿಕ್‌ನ ಸ್ವತ್ತು ಅಂತ ಒಪ್ಪಂದದಲ್ಲೇ ಬರೆದಿತ್ತು. ಸ್ಟ್ಯಾಕ್ಸ್‌ನ ದೊಡ್ಡ ಗಾಯಕ ಓಟಿಸ್ ರೆಡಿಂಗ್ ವಿಮಾನ ಅಪಘಾತದಲ್ಲಿ ತೀರಿಹೋಗಿ ಇನ್ನೂ ಅರ್ಧ ವರ್ಷವೂ ಆಗಿರಲಿಲ್ಲ. ಏಪ್ರಿಲ್‌ನಲ್ಲಿ ಅದೇ ಮೆಂಫಿಸ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಯಿತು. ಅವರು ಉಳಿದುಕೊಂಡಿದ್ದ ಲೊರೇನ್ ಮೋಟೆಲ್ ಸ್ಟ್ಯಾಕ್ಸ್‌ನವರು ಕೂತು ಹಾಡು ಬರೆಯುತ್ತಿದ್ದ ಜಾಗ. ಎಡ್ಡಿ ಫ್ಲಾಯ್ಡ್ ಮತ್ತು ಸ್ಟೀವ್ ಕ್ರಾಪರ್ ‘ನಾಕ್ ಆನ್ ವುಡ್’ ಬರೆದದ್ದು ಅಲ್ಲೇ. ಇಷ್ಟೆಲ್ಲ ಆದ ಮೇಲೂ ಕಂಪನಿ ಎದ್ದು ನಿಂತಿತು. 1972ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಂದು ಡಾಲರ್ ಟಿಕೆಟ್ ಇಟ್ಟು ವಾಟ್‌ಸ್ಟ್ಯಾಕ್ಸ್ ಅನ್ನುವ ಸಂಗೀತ ಕಾರ್ಯಕ್ರಮ ನಡೆಸಿತು, ಲಕ್ಷದಷ್ಟು ಜನ ಬಂದರು. ಮೂರೇ ವರ್ಷಕ್ಕೆ, 1975ರ ಕೊನೆಯಲ್ಲಿ, ದಿವಾಳಿ. 1989ರಲ್ಲಿ ಆ ಕಟ್ಟಡವನ್ನೂ ಕೆಡವಿದರು. ಈಗ ಅದೇ ಜಾಗದಲ್ಲಿ 2003ರಿಂದ ಮ್ಯೂಸಿಯಂ ಇದೆ.

ಇದರಲ್ಲಿ ರೆಕಾರ್ಡಿನ ಹಕ್ಕು ಒಂದು ದಾರಿ ಹಿಡಿಯಿತು, ಬರೆದ ಹಾಡಿನ ಹಕ್ಕು ಇನ್ನೊಂದು ದಾರಿ. ಡೆಮೊಗಳು ಎರಡನೆಯದರ ಜೊತೆ ಹೋದವು. ಅದಕ್ಕೇ ರೆಕಾರ್ಡ್ ಕಂಪನಿಗಳ ಉಗ್ರಾಣ ಎಷ್ಟು ಜಾಲಾಡಿದರೂ ಇವು ಸಿಗುತ್ತಿರಲಿಲ್ಲ. ಹಾಡಿನ ಹಕ್ಕು ನೋಡಿಕೊಳ್ಳುವವರ ಟೇಪುಗಳಲ್ಲಿ ಹುಡುಕಬೇಕಿತ್ತು. ಪಾವೆಲ್ಸ್ಕಿ ಮಾಡಿದ್ದು ಅದನ್ನೇ. ಟೇಪು ಕೇಳು, ಯಾರ ದನಿ ಅಂತ ಗುರುತಿಸು, ಯಾವ ಹಾಡು ಅಂತ ಬರೆದಿಡು. ಯಾರೂ ಚಪ್ಪಾಳೆ ತಟ್ಟದ ಕೆಲಸ. ಬಣ್ಣದ ವಿನೈಲ್‌ಗೆ ಹಾಕುವ ದುಡ್ಡಿನಲ್ಲಿ ಒಂದು ಪಾಲನ್ನು ಇಂಥ ಕೆಲಸಕ್ಕೆ ಹಾಕಿ ಅಂತ ಕಂಪನಿಗಳನ್ನು ನಾವು ಕೇಳಬೇಕು. ಟೇಪು ಹಾಳಾಗುತ್ತದೆ. ದನಿ ಗುರುತಿಸಬಲ್ಲವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಆಮೇಲೆ ಮಾಡಿದರಾಯಿತು ಅನ್ನುವ ಹಾಗಿಲ್ಲ.

ಈಗಲೂ ಹಾಡುತ್ತಿರುವವರ ಹೊಸ ಸುದ್ದಿಯೂ ಇದೆ. ನನ್ನ ಮಟ್ಟಿಗೆ ಅದರಲ್ಲಿ ದೊಡ್ಡದು ಅದೇ ಮೇವಿಸ್ ಸ್ಟೇಪಲ್ಸ್ ಅವರದು. 2025ರ ನವೆಂಬರ್‌ನಲ್ಲಿ, 86ನೇ ವಯಸ್ಸಿನಲ್ಲಿ, ‘ಸ್ಯಾಡ್ ಅಂಡ್ ಬ್ಯೂಟಿಫುಲ್ ವರ್ಲ್ಡ್’ ಆಲ್ಬಂ ತಂದರು. ಟಾಮ್ ವೇಟ್ಸ್, ಗಿಲಿಯನ್ ವೆಲ್ಚ್, ಫ್ರಾಂಕ್ ಓಷನ್, ಹೀಗೆ ಬೇರೆ ಬೇರೆಯವರ ಹಾಡುಗಳನ್ನು ತಮ್ಮದು ಮಾಡಿಕೊಂಡು ಹಾಡಿದ್ದಾರೆ. ಹರೆಯದ ದನಿಯ ಏರು ಈಗ ಇಲ್ಲ. ಆದರೆ ಮಾತು ಮಾತಿನ ನಡುವೆ ಅವರು ಬಿಡುವ ಜಾಗ ಇದೆಯಲ್ಲ, ಅದು ಈಗ ಇನ್ನೂ ಚೆನ್ನಾಗಿದೆ. ಬೇರೆಯವರು ಬರೆದದ್ದನ್ನು ಇಷ್ಟು ಮರ್ಯಾದೆಯಿಂದ ಹಾಡುವವರು ಕಡಿಮೆ.

ಕೊನೆಗೆ ಒಂದು ಕೋರಿಕೆ. ಡೆಮೊ ಸಂಗ್ರಹ ಕೇಳಲು ಕೂತರೆ ಗೊತ್ತಿರುವ ಹಾಡುಗಳಿಂದ ಶುರು ಮಾಡಬೇಡಿ. ಮೊದಲ ಮೂರು ಸಿಡಿಯಲ್ಲಿ ಸ್ಟ್ಯಾಕ್ಸ್‌ನಲ್ಲೇ ಬಂದ ಹಾಡುಗಳಿವೆ, ನಾಲ್ಕನೆಯದರಲ್ಲಿ ಬೇರೆ ಕಂಪನಿಗಳಿಗೆ ಹೋದವು. ಐದು, ಆರು, ಏಳರಲ್ಲಿ ಇರುವುದು ಯಾರೂ ಆರಿಸಿಕೊಳ್ಳದ ಹಾಡುಗಳು. ಇಷ್ಟು ಒಳ್ಳೆಯ ಹಾಡನ್ನು ಯಾಕೆ ಬಿಟ್ಟರು ಅಂತ ನೀವೇ ಕೇಳಿಕೊಳ್ಳುತ್ತೀರಿ. ಮೊದಲು ಐದನೆಯದನ್ನು ಹಾಕಿ. ಇಷ್ಟವಾದ ಹಾಡಿನ ಹೆಸರನ್ನು ಕೆಳಗೆ ಕಾಮೆಂಟಿನಲ್ಲಿ ಬರೆಯಿರಿ, ಬರೆದವರ ಹೆಸರನ್ನೂ ಸೇರಿಸಿ.