ಊಟ ಆಚೆ ಬದಿಗಿದೆ

ಅಂಕೋಲೆ ದಾಟಿ ಕುಮಟೆಯ ಕಡೆಗೆ ಹೊರಟರೆ ಬಲಗಡೆಗೆ ಒಂದು ಹೋಟೆಲಿದೆ. ಹೆಸರು ಹೇಳುವುದಿಲ್ಲ. ಇರುವುದೇ ಆರು ಮೇಜು, ನೀವೂ ಬಂದರೆ ನನಗೆ ಜಾಗ ಸಿಗುವುದಿಲ್ಲ. ಜುಲೈ ತಿಂಗಳ ಒಂದು ಮಧ್ಯಾಹ್ನ, ಹೊಟ್ಟೆ ಚುರುಗುಟ್ಟುವ ಒಂದೂವರೆಯ ಹೊತ್ತಿಗೆ, ಆ ಹೋಟೆಲನ್ನು ಕಣ್ತುಂಬ ನೋಡಿದೆ. ನೋಡಿದೆ, ಅಷ್ಟೇ. ಹಂಚಿನ ಮಾಡಿನಿಂದ ಇಳಿಯುವ ಮಳೆನೀರು ಕಂಡಿತು. ಉಂಡು ಹೊರಬಂದು ಪಂಚೆಯ ತುದಿಗೆ ಕೈ ಒರೆಸಿಕೊಳ್ಳುತ್ತಿದ್ದ ಗಿರಾಕಿ ಕಂಡ. ಕಾರಿನ ಗಾಜು ಇಳಿಸಿದ್ದರೆ ಒಣಮೀನು ಸುಡುವ ವಾಸನೆಯೂ ಸಿಗುತ್ತಿತ್ತು. ಸಿಗದಿದ್ದದ್ದು ದಾರಿ. ನಮಗೂ ಆ ಗಿರಾಕಿಗೂ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಡಿವೈಡರ್ ಇತ್ತು.

ಕಾರು ನಡೆಸುತ್ತಿದ್ದವರು ಬೆಂಗಳೂರಿನಿಂದ ಬಂದಿದ್ದ ನನ್ನ ಭಾವ. ಕಾರವಾರ ಬಿಡುವಾಗಲೇ, "ದೊಡ್ಡ ಹೋಟೆಲ್ ಬೇಡ, ರಸ್ತೆ ಬದಿಯ ಹಳೆಯ ಹೋಟೆಲಿನಲ್ಲೇ ಉಣ್ಣಬೇಕು" ಎಂದು ವ್ರತ ತೊಟ್ಟಿದ್ದರು. ಮೊಬೈಲಿನೊಳಗಿನ ಹೆಂಗಸನ್ನು ದಾರಿ ಕೇಳಿದರು. ನಾಲ್ಕು ಕಿಲೋಮೀಟರ್ ನೆಟ್ಟಗೆ ಹೋಗಿ ತಿರುಗಿ ಎಂದಳು.

"ಇಲ್ಲೇ ಕಾಣುತ್ತಿದೆಯಲ್ಲ ಭಾವ?" ಎಂದು ಅವರು ನನ್ನನ್ನು ಕೇಳಿದರು.

"ಕಾಶಿ ವಿಶ್ವನಾಥನೂ ಕ್ಯಾಲೆಂಡರಿನಲ್ಲಿ ಕಾಣುತ್ತಾನೆ ಭಾವ. ನಡೆಯಿರಿ."

ನಾಲ್ಕು ಹೋಗಬೇಕು, ನಾಲ್ಕು ಬರಬೇಕು. ಮೂವತ್ತು ಅಡಿ ದಾಟಲು ಎಂಟು ಕಿಲೋಮೀಟರ್. ಇದನ್ನು ನಾನು ದೂರುತ್ತಿಲ್ಲ. ಹಸಿವು ಹೆಚ್ಚಿದಷ್ಟೂ ಊಟಕ್ಕೆ ರುಚಿ ಎಂದು ಹಿರಿಯರು ಹೇಳಿದ್ದನ್ನು ಕಾಂಕ್ರೀಟಿನಲ್ಲಿ ಜಾರಿಗೆ ತಂದವರು ಜಗತ್ತಿನಲ್ಲಿ ನಮ್ಮವರೊಬ್ಬರೇ ಇರಬೇಕು.

ಈ ರಸ್ತೆಗೆ ಮೊದಲು ಹದಿನೇಳು ಎಂಬ ಸಂಖ್ಯೆಯಿತ್ತು, ನೆನಪಿದೆಯಲ್ಲ? ಹದಿನೇಳರ ಪ್ರಾಯಕ್ಕೆ ತಕ್ಕಂತೆ ಅದು ಎಲ್ಲೆಂದರಲ್ಲಿ ನಿಲ್ಲುತ್ತಿತ್ತು, ಸಿಕ್ಕಿದ್ದನ್ನು ತಿನ್ನುತ್ತಿತ್ತು. ಅವರ್ಸೆಯಲ್ಲಿ ಚಹಾ, ಹಿರೇಗುತ್ತಿಯಲ್ಲಿ ಬನ್ಸ್-ಭಾಜಿ, ಹೊನ್ನಾವರದಲ್ಲಿ ಶರಾವತಿ ದಾಟುವ ಮೊದಲು ಮತ್ತೊಂದು ಚಹಾ. ಅರವತ್ತಾರಾದ ಮೇಲೆ ಪಥ್ಯ ಹಿಡಿಯಿತು. ಗೋವೆಯ ಗಡಿಯಿಂದ ಕುಂದಾಪುರದವರೆಗೆ ಸುಮಾರು 190 ಕಿಲೋಮೀಟರ್ ದೂರವನ್ನು ಚತುಷ್ಪಥ ಮಾಡುವ ಕೆಲಸ 2014ರಲ್ಲಿ ಶುರುವಾಯಿತು. ಆ ವರ್ಷ ಹುಟ್ಟಿದ ಹುಡುಗರಿಗೆ ಮೀಸೆ ಮೂಡುವ ಕಾಲ ಬರುತ್ತಿದೆ, ರಸ್ತೆಗೆ ಅಲ್ಲಲ್ಲಿ ಇನ್ನೂ ಹಾಲುಹಲ್ಲು. ಟೋಲ್ ಮಾತ್ರ ದಿನ ತುಂಬುವ ಮೊದಲೇ ಹುಟ್ಟಿಯೂ ಮೈಕೈ ತುಂಬಿಕೊಂಡ ಕೂಸು. ಅಂಕೋಲೆಗೆ ಮೊದಲು ಹಟ್ಟಿಕೇರಿಯಲ್ಲಿ ಒಂದು, ಕುಮಟೆ ದಾಟಿ ಹೊಳೆಗದ್ದೆಯಲ್ಲಿ ಇನ್ನೊಂದು. ಅವೆರಡರ ಮುಂದೆ ವಾಹನ ನಿಲ್ಲಿಸಲು ಯಾವ ಡಿವೈಡರೂ ಅಡ್ಡ ಬರುವುದಿಲ್ಲ.

ನಮ್ಮ ಅಜ್ಜಿಯ ಮನೆಯ ಬೇಲಿಗೆ ಒಂದು ದಣಪೆ ಇತ್ತು. ಎರಡು ಕಲ್ಲುಕಂಬ, ಅವುಗಳ ತೂತಿನಲ್ಲಿ ತೂರಿಸಿದ ಮೂರು ಗಳ. ದನ ದಾಟಬಾರದು, ಮನುಷ್ಯ ದಾಟಬೇಕು. ಸೊಪ್ಪಿನ ಹೊರೆ ಹೊತ್ತು ಬಂದವನು ಒಂದು ಗಳ ಸರಿಸಿ ಒಳಗೆ ಬರಬೇಕು, ಮರೆಯದೆ ಅದನ್ನು ಮತ್ತೆ ಸರಿಸಿಡಬೇಕು, ಮರೆತರೆ ಅಜ್ಜಿಯ ಬಾಯಿಗೆ ಬೀಳಬೇಕು. ಇಷ್ಟನ್ನೆಲ್ಲ ಯೋಚಿಸಿ ಅದನ್ನು ಕಟ್ಟಿದವನು ಮೂರನೆಯ ಇಯತ್ತೆಯನ್ನೂ ಪಾಸು ಮಾಡಿದವನಲ್ಲ. ಇಂಜಿನಿಯರಿಂಗ್ ಓದಿದವರು ಕಟ್ಟಿದ ಈ ಹೆದ್ದಾರಿಯಲ್ಲಿ ದನಗಳು ಮನಸ್ಸು ಬಂದಲ್ಲಿ ದಾಟುತ್ತವೆ. ಮಳೆಗಾಲದ ರಾತ್ರಿ ಗದ್ದೆಯೆಲ್ಲ ಕೆಸರೆಂದು ಡಾಂಬರಿನ ನಡುವೆಯೇ ಮಲಗಿ ಮೆಲುಕು ಹಾಕುತ್ತವೆ, ಹದಿನಾಲ್ಕು ಚಕ್ರದ ಲಾರಿಗಳು ಅವಕ್ಕೆ ಪ್ರದಕ್ಷಿಣೆ ಬಂದು ಮುಂದೆ ಹೋಗುತ್ತವೆ. ದಾಟಲಾಗದೆ ಕೊಡೆ ಹಿಡಿದು ನಿಂತವರು ಮನುಷ್ಯರು. ಮನೆ ಒಂದು ಬದಿಗೆ, ಗದ್ದೆ ಇನ್ನೊಂದು ಬದಿಗೆ ಆದವರು. ಶಾಲೆ ಆಚೆಗೆ, ಬಸ್ಸು ಈಚೆಗೆ ಆದ ಮಕ್ಕಳು.

ಹಾಗಾಗಿ ಜನ ತಮ್ಮ ದಣಪೆಯನ್ನು ತಾವೇ ಮಾಡಿಕೊಂಡರು. ಅದಕ್ಕೆ ಟೆಂಡರ್ ಇಲ್ಲ, ಶಂಕುಸ್ಥಾಪನೆ ಇಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಡಿವೈಡರಿನ ಒಂದು ಕಲ್ಲು ಪಕ್ಕಕ್ಕೆ ಸರಿದಿರುತ್ತದೆ, ಕಣಗಿಲೆ ಗಿಡ ಮಲಗಿರುತ್ತದೆ, ಅಲ್ಲಿಂದ ಸ್ಕೂಟರುಗಳು ಇರುವೆಸಾಲಿನಂತೆ ದಾಟುತ್ತಿರುತ್ತವೆ. ವಾರ ಕಳೆಯುವುದರೊಳಗೆ ಕಿತ್ತಳೆ ಅಂಗಿಯವರು ಬಂದು ಮುಚ್ಚುತ್ತಾರೆ. ಅಮಾವಾಸ್ಯೆಗೆ ಮುಚ್ಚಿದ್ದು ಹುಣ್ಣಿಮೆಗೆ ತೆರೆಯುತ್ತದೆ. ಇಡೀ ಯೋಜನೆಯಲ್ಲಿ ಇಷ್ಟು ನಿಯಮಿತವಾಗಿ ನಡೆಯುವ ಕಾಮಗಾರಿ ಇನ್ನೊಂದಿಲ್ಲ.

ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಎಡಗಡೆಗೆ, ಅಂದರೆ ನಮ್ಮ ಬದಿಗೇ, ಒಂದು ಹೊಸ ಉಪಾಹಾರ ಮಂದಿರ ಕೈಬೀಸಿ ಕರೆಯಿತು. ಭಾವನಿಗೆ ಶೌಚಾಲಯದ ಅಗತ್ಯವೂ ಇತ್ತು. ಬಾಗಿಲಲ್ಲಿ ಎತ್ತಿನಗಾಡಿಯ ಚಕ್ರ, ಮಾಡಿನಿಂದ ನೇತುಬಿಟ್ಟ ಲಾಟೀನು, ಮಣ್ಣಿನ ಗೋಡೆಯಂತೆ ಕಾಣಲಿ ಎಂದು ಕೆಮ್ಮಣ್ಣಿನ ಬಣ್ಣ ಬಳಿದ ಸಿಮೆಂಟು. ನಿಜವಾದ ಮಣ್ಣಿನ ಗೋಡೆಯ ಹೋಟೆಲುಗಳನ್ನು ಅಗಲೀಕರಣಕ್ಕೆಂದು ಕೆಡವಿ ಹತ್ತು ವರ್ಷವಾಗಿರಬಹುದು. ಈಗ ಅವುಗಳ ಬೊಂಬೆ ಮಾಡಿ, ಹವಾನಿಯಂತ್ರಣ ಹಾಕಿ, ಕೂರಿಸಿದ್ದಾರೆ. ಅಜ್ಜನನ್ನು ಮನೆಯಿಂದ ಹೊರಹಾಕಿ ಅವನ ಫೋಟೋಕ್ಕೆ ಗಂಧದ ಹಾರ ಹಾಕುವ ಮನೆಗಳನ್ನು ನೀವೂ ಕಂಡಿರುತ್ತೀರಿ.

ಒಳಗೆ ಕೂತು, "ಇವತ್ತು ಏನಿದೆ?" ಎಂದು ಕೇಳಿದೆ. ಹಳೆಯ ಹೋಟೆಲಿನಲ್ಲಿ ಈ ಪ್ರಶ್ನೆ ಕೇಳಿದರೆ ಮಾಣಿ ಉಸಿರು ಬಿಡದೆ ಹದಿನಾಲ್ಕು ಹೆಸರು ಹೇಳಿ, ಕೊನೆಗೆ ದನಿ ತಗ್ಗಿಸಿ, "ಬಂಗಡೆ ಇವತ್ತು ಬೇಡ" ಎಂದು ಹಿತವಚನವನ್ನೂ ಕೊಡುತ್ತಿದ್ದ. ಈ ಹುಡುಗ ಮೇಜಿನ ಮೇಲಿನ ಕಪ್ಪು-ಬಿಳಿ ಚೌಕವನ್ನು ತೋರಿಸಿ, "ಸ್ಕ್ಯಾನ್ ಮಾಡಿ ಸರ್" ಎಂದ. ಮಾಡಿದೆ. ಮೊಟ್ಟಮೊದಲ ಸಾಲು: ತಾಜಾ ಅಂಜಲ್ ತವಾ ಫ್ರೈ.

ಇದರಲ್ಲಿ ಎರಡು ಸಂಗತಿಗಳಿವೆ. ಒಂದು, ನಮ್ಮ ಕಡೆ ಆ ಮೀನಿಗೆ ಇಸ್ವಣ ಎನ್ನುತ್ತಾರೆ. ಅಂಜಲ್ ಎಂದು ಬರೆದವನು ಮಂಗಳೂರಿನ ಪಟ್ಟಿಯನ್ನು ಹಾಗೆಯೇ ನಕಲು ಹೊಡೆದಿದ್ದಾನೆ. ಎರಡು, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಮೈ ತಾಗಿಸಿ ಲಂಗರು ಹಾಕಿರುವಾಗ, ತೆರೆ ತೆಂಗಿನ ಎತ್ತರಕ್ಕೆ ಏಳುತ್ತಿರುವಾಗ, ಈ ಇಸ್ವಣ ತಾಜಾ ಆಗಿ ಹೆದ್ದಾರಿಗೆ ಬಂದದ್ದಾದರೂ ಹೇಗೆ? ನಡೆದುಕೊಂಡು ಬಂದಿದ್ದರೆ ಡಿವೈಡರ್ ದಾಟಿದ್ದು ಹೇಗೆಂದು ಅದನ್ನೇ ಕೇಳಬೇಕು. ಸಮುದ್ರ ಇರುವುದು ಆಚೆ ಬದಿಗೆ.

ನಾವು ಶೌಚಾಲಯದ ಋಣವನ್ನು ಎರಡು ನೀರಿನ ಬಾಟಲಿ ಕೊಂಡು ತೀರಿಸಿ ಎದ್ದೆವು.

ಹೆದ್ದಾರಿಯವರ ಬಳಿ ಇದಕ್ಕೆಲ್ಲ ಯೋಜನೆಯಿದೆ, ಇಲ್ಲವೆಂದಲ್ಲ. ವೇಸೈಡ್ ಅಮೆನಿಟಿ ಎಂದು ಅದರ ಹೆಸರು. ನಲವತ್ತರಿಂದ ಅರವತ್ತು ಕಿಲೋಮೀಟರಿಗೆ ಒಂದರಂತೆ ಊಟ, ಶೌಚಾಲಯ, ಪೆಟ್ರೋಲು ಎಲ್ಲವೂ ಒಂದೇ ಕಡೆ. ನಲವತ್ತನೆಯ ಕಿಲೋಮೀಟರಿಗೆ ಮೊದಲು ಹಸಿಯುವವರು ಶಿಸ್ತಿಲ್ಲದವರು. ಮಕ್ಕಳಿಗೆ ಇದನ್ನು ಶಾಲೆಯಲ್ಲೇ ಕಲಿಸಬೇಕು.

ಅಷ್ಟರಲ್ಲಿ ಶಿರೂರು ಬಂತು.

ಭಾವ ಮಾತು ನಿಲ್ಲಿಸಿದರು. ಗುಡ್ಡ ಇನ್ನೂ ಕೆಂಪಗೆ ಬಾಯಿ ತೆರೆದುಕೊಂಡೇ ಇದೆ. 2024ರ ಜುಲೈ 16ರ ಬೆಳಿಗ್ಗೆ ಅದು ಇಳಿದಾಗ ಕೆಳಗೆ ಹೆದ್ದಾರಿಯ ಬದಿಗೆ ಒಂದು ಚಹಾದ ಹೋಟೆಲಿತ್ತು. ದೂರದಿಂದ ಬಂದ ಲಾರಿಯವರು ನಿಲ್ಲಿಸಿ, ಮುಖ ತೊಳೆದು, ಚಹಾ ಕುಡಿಯುತ್ತಿದ್ದ ಜಾಗ. ಹೋಟೆಲು, ಅದನ್ನು ನಡೆಸುತ್ತಿದ್ದ ಸಂಸಾರ, ನಿಲ್ಲಿಸಿದ್ದ ಲಾರಿ, ಎಲ್ಲವೂ ಗಂಗಾವಳಿ ಹೊಳೆಗೆ ಹೋದವು. ಹೊಳೆಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಹನ್ನೊಂದು ಜನ. ಲಾರಿಯನ್ನು ಹೊಳೆಯಿಂದ ಮೇಲೆತ್ತಿದ್ದು ಸೆಪ್ಟೆಂಬರ್ 25ಕ್ಕೆ, ಎಪ್ಪತ್ತೊಂದು ದಿನಗಳ ಮೇಲೆ. ಗುಡ್ಡದ ಬುಡವನ್ನು ರಸ್ತೆಗಾಗಿ ಗೋಡೆ ಕೊಯ್ದ ಹಾಗೆ ನೆಟ್ಟಗೆ ಕೊಯ್ದದ್ದು ಊರಿಗೆಲ್ಲ ಕಾಣುತ್ತಿತ್ತು. ಇಲ್ಲಿ ಮಳೆ ಬರುತ್ತದೆ ಎಂಬುದೂ ಹೊಸ ವಿಷಯವಲ್ಲ. ಆಮೇಲೆ, ಆ ಹೋಟೆಲು ಅಲ್ಲಿ ಯಾಕಿತ್ತು ಎಂದು ಕೇಳಿದವರನ್ನು ನಾನೇ ಕಂಡಿದ್ದೇನೆ. ಸೋಫಾದಲ್ಲಿ ಕೂತು, ಬಿಸ್ಕತ್ತು ಅದ್ದಿಕೊಂಡು ಕೇಳಿದರು. ಲಾರಿಯವನಿಗೆ ಬೆಳಿಗ್ಗೆ ಚಹಾ ಬೇಕಿತ್ತು, ಅದಕ್ಕೆ ಇತ್ತು. ಇದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿಲ್ಲ, ಆ ಪ್ರಶ್ನೆಗೆ ಉತ್ತರ ಕೊಟ್ಟು ಸಾಕೂ ಆಗಿದೆ.

ತಿರುಗುವ ಜಾಗ ಬಂತು. ತಿರುಗಿದೆವು. ಭಾವ ಮೊಬೈಲಿನ ಹೆಂಗಸಿನ ಬಾಯಿ ಮುಚ್ಚಿಸಿದರು.

ಹೋಟೆಲಿಗೆ ಮುಟ್ಟಿದಾಗ ಎರಡು ಗಂಟೆ ದಾಟಿತ್ತು. ಗೋಡೆಯ ಮೇಲೆ ಹಳೆಯ ಬೋರ್ಡುಗಳು ಹಾಗೆಯೇ ಇದ್ದವು: ಇಂದು ನಗದು ನಾಳೆ ಉದ್ರಿ. ತಟ್ಟೆಯಲ್ಲಿ ಕೈ ತೊಳೆಯಬಾರದು. ರಾಜಕೀಯ ಮಾತನಾಡಬಾರದು. ಮೂರನೆಯದರ ಕೆಳಗೆ ಕೂತು ಇಬ್ಬರು ಮುಂದಿನ ಪಂಚಾಯತಿ ಚುನಾವಣೆಯನ್ನು ಮುಗಿಸುತ್ತಿದ್ದರು.

"ಏನಿದೆ ಅಕ್ಕಾ?"

"ಹಸಿಮೀನು ಇಲ್ಲ ತಮ್ಮಾ, ಬೋಟು ಬಂದ್ ಅಲ್ಲವೇ? ಗಂಜಿ ಇದೆ. ಒಣ ಬಂಗಡೆ ಸುಟ್ಟಿದ್ದೇನೆ. ಒಣ ಶೆಟ್ಲಿಯ ಚಟ್ನಿ ಇದೆ." ಶೆಟ್ಲಿ ಎಂದರೆ ಸೀಗಡಿ.

ಇಲ್ಲ ಎಂಬ ಮಾತು ಕಿವಿಗೆ ಇಷ್ಟು ಹಿತವಾಗಿ ಕೇಳಿ ಎಷ್ಟೋ ಕಾಲವಾಗಿತ್ತು. ಕುಚಲಕ್ಕಿ ಗಂಜಿಯ ಮೇಲೆ ಒಂದು ಚಮಚ ತುಪ್ಪ, ಪಕ್ಕದಲ್ಲಿ ಮಾವಿನಮಿಡಿ. ಭಾವ ಎರಡು ಸಲ ಹಾಕಿಸಿಕೊಂಡರು, ಮೂರನೆಯ ಸಲ ನನ್ನ ಮುಖ ನೋಡಿದರು. ನಾನು ಗೋಡೆಯ ಬೋರ್ಡು ಓದುತ್ತಿದ್ದೆ.

ದುಡ್ಡು ಕೊಡುವಾಗ, ಕುಮಟೆಯ ಕಡೆಗೆ ಹೋಗಲು ಇನ್ನು ಎಲ್ಲಿ ತಿರುಗಬೇಕೆಂದು ಕೇಳಿದೆ. ಅಂಕೋಲೆಯ ಹತ್ತಿರದವರೆಗೂ ವಾಪಸು ಹೋಗಬೇಕಂತೆ.

"ಅಷ್ಟು ದೂರ ಯಾಕೆ?" ಎಂದು ಅಕ್ಕ ಚಿಲ್ಲರೆ ಎಣಿಸುತ್ತ ಹೇಳಿದರು. "ಆ ಮಾವಿನ ಮರದ ಎದುರು ಮೊನ್ನೆ ಮತ್ತೆ ಕಲ್ಲು ತೆಗೆದಿದ್ದಾರೆ. ನಿಮ್ಮ ಕಾರು ದಾಟುತ್ತದೆ."

"ಯಾರಾದರೂ ಹಿಡಿದರೆ?"

ಅಕ್ಕ ಮಾತನಾಡದೆ ಒಳಗಿನ ಮೇಜಿನ ಕಡೆಗೆ ಗಲ್ಲ ಎತ್ತಿದರು. ಅಲ್ಲಿ ಖಾಕಿ ತೊಟ್ಟ ಇಬ್ಬರು ಟೋಪಿ ತೆಗೆದಿಟ್ಟು, ತಲೆ ತಗ್ಗಿಸಿ, ಬಂಗಡೆಯ ಮುಳ್ಳು ಬಿಡಿಸುತ್ತಿದ್ದರು. ಹೊರಗೆ ಅಂಗಳದಲ್ಲಿ ಅವರ ಜೀಪು ನಿಂತಿತ್ತು. ಅದರ ಚಕ್ರಕ್ಕೆ ಕಣಗಿಲೆಯ ಒಂದು ಟೊಂಗೆ ಸಿಕ್ಕಿಕೊಂಡಿತ್ತು.