ಭೃಗು ಮಹರ್ಷಿಗಳ ಬ್ರೇಕ್ ದರ್ಶನ

ದೇವಸ್ಥಾನಗಳಲ್ಲಿ ದುಡ್ಡಿದ್ದವರಿಗೊಂದು ಬಾಗಿಲು, ಇಲ್ಲದವರಿಗೊಂದು ಸಾಲು ಇರುವುದು ಸರಿಯಲ್ಲ ಅಂತ ವೃಂದಾವನದ ಅರ್ಚಕರೊಬ್ಬರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2025ರ ಜನವರಿ 31ರಂದು ಕೋರ್ಟು ಏನು ಹೇಳಿತೆಂಬುದು ನಿಮಗೆ ಗೊತ್ತೇ ಇದೆ. ಹೀಗೆ ವಿಶೇಷ ಸತ್ಕಾರ ಇರಬಾರದು ಅನ್ನುವುದು ನಮ್ಮ ಅಭಿಪ್ರಾಯ, ಆದರೆ ಆದೇಶ ಕೊಡುವುದು ನಮ್ಮ ಕೆಲಸವಲ್ಲ, ಅದೇನಿದ್ದರೂ ಸರ್ಕಾರ ನೋಡಿಕೊಳ್ಳಲಿ, ಅಂತ. ಓದಿ ಬಹಳ ಸಮಾಧಾನವಾಯಿತು. ಅಭಿಪ್ರಾಯ ಬಡವರಿಗೆ, ಬಾಗಿಲು ವಿಐಪಿಗಳಿಗೆ. ಇಬ್ಬರೂ ಬರಿಗೈಯಲ್ಲಿ ಹೋಗಲಿಲ್ಲವಲ್ಲ!

ಪಾಪ, ಅರ್ಚಕರಾದರೂ ಪುರಾಣವನ್ನು ನೆನಪಿಸಿಕೊಳ್ಳಬೇಕಿತ್ತು. ಸಾಮಾನ್ಯರ ಸಾಲು ನಿಲ್ಲಿಸಿ ಗಣ್ಯರನ್ನು ಒಳಗೆ ಬಿಡುವ ವಿಐಪಿ ಬ್ರೇಕ್ ದರ್ಶನವನ್ನು ಕಂಡುಹಿಡಿದದ್ದು ಯಾವ ಆಡಳಿತ ಮಂಡಳಿಯೂ ಅಲ್ಲ, ಭೃಗು ಮಹರ್ಷಿಗಳು. ತ್ರಿಮೂರ್ತಿಗಳಲ್ಲಿ ಯಾರು ದೊಡ್ಡವರೆಂದು ಪರೀಕ್ಷೆ ಮಾಡಲು ಹೊರಟವರು ವೈಕುಂಠಕ್ಕೂ ಬಂದರು. ಟೋಕನ್ ಇಲ್ಲ, ಕ್ಯೂ ಇಲ್ಲ, ಸೀದಾ ಮಲಗುವ ಕೋಣೆಗೇ. ತಿರುಮಲದಲ್ಲಿ ವಿಶೇಷ ದಿನಗಳು ಬಂದಾಗ ಒಂದು ಪ್ರಕಟಣೆ ಹೊರಡುತ್ತದೆ ನೋಡಿ, ಶಿಫಾರಸು ಪತ್ರ ನಡೆಯುವುದಿಲ್ಲ, ಖುದ್ದಾಗಿ ಬರುವ ಪ್ರೋಟೋಕಾಲ್ ಗಣ್ಯರಿಗೆ ಮಾತ್ರ ಅವಕಾಶ ಅಂತ. ಭೃಗು ಖುದ್ದಾಗಿಯೇ ಬಂದಿದ್ದರು, ಹಾಗಾಗಿ ನಿಯಮದ ಪ್ರಕಾರ ಎಲ್ಲ ಸರಿಯಾಗಿಯೇ ಇತ್ತು. ಮಲಗಿದ್ದವನು ತಕ್ಷಣ ಎದ್ದು ನಮಸ್ಕರಿಸಲಿಲ್ಲ ಎಂದು ಎದೆಗೆ ಒದ್ದರು. ಒದೆಸಿಕೊಂಡವನು ಎದ್ದು ಕೂತು, ಸ್ವಾಮಿ, ನಿಮ್ಮ ಪಾದ ನೋಯಿತೇನೋ ಅಂತ ಕಾಲು ಒತ್ತಿದ. ಇಂದಿಗೂ ಅಧಿಕಾರಿಗಳಿಗೆ ಕೊಡುವ ಪ್ರೋಟೋಕಾಲ್ ತರಬೇತಿಯ ಸಾರ ಇಷ್ಟೇ.

ಕಾಲು ಒತ್ತುತ್ತಾ ಒತ್ತುತ್ತಾ ಮಹರ್ಷಿಯ ಅಂಗಾಲಿನಲ್ಲಿದ್ದ ಅಹಂಕಾರದ ಕಣ್ಣನ್ನು ವಿಷ್ಣು ಮೆಲ್ಲಗೆ ಹಿಸುಕಿಬಿಟ್ಟ ಅನ್ನುತ್ತದೆ ಕಥೆ. ಈ ಭಾಗವನ್ನು ನಾವು ಜಾಣತನದಿಂದ ಕೈಬಿಟ್ಟಿದ್ದೇವೆ. ಈಗಿನ ಗಣ್ಯರ ಅಂಗಾಲಿನಲ್ಲೂ ಆ ಕಣ್ಣು ಇದೆ, ಚೆನ್ನಾಗಿಯೇ ಕಾಣುತ್ತದೆ. ಆದರೆ ಹಿಂದೆ ಇನ್ನೊಬ್ಬ ಗಣ್ಯ ನಿಂತಿರುವಾಗ ದೇವರಿಗಾದರೂ ಹಿಸುಕಲು ಪುರುಸೊತ್ತೆಲ್ಲಿ?

ಆ ಕೋಣೆಯಲ್ಲಿ ಸ್ವಾಭಿಮಾನ ಇದ್ದದ್ದು ಒಬ್ಬಳಿಗೇ. ನಾನಿರುವ ಎದೆಗೆ ಯಾರೋ ಬಂದು ಒದ್ದರೆ ನೀನು ಅವನ ಕಾಲು ಒತ್ತುತ್ತೀಯಾ ಅಂತ ಲಕ್ಷ್ಮಿ ಎದ್ದು ಕೊಲ್ಹಾಪುರಕ್ಕೆ ಹೊರಟೇಹೋದಳು. ಒಬ್ಬ ವಿಐಪಿಯನ್ನು ಸಂಭಾಳಿಸಲು ಹೋಗಿ ದೇವರು ಹೆಂಡತಿಯನ್ನು ಕಳೆದುಕೊಂಡ, ಮನೆ ಬಿಟ್ಟ, ತಿರುಮಲ ಬೆಟ್ಟದ ಮೇಲೊಂದು ಹುತ್ತ ಸೇರಿ ಶ್ರೀನಿವಾಸನಾದ. ಹಸುವೊಂದು ಬಂದು ಹುತ್ತಕ್ಕೆ ಹಾಲು ಸುರಿಸುತ್ತಿತ್ತು; ಹಾಲು ಎಲ್ಲಿ ಹೋಗುತ್ತಿದೆಯೆಂದು ಹಿಂಬಾಲಿಸಿ ಬಂದ ದನಗಾಹಿ ಬೀಸಿದ ಕೊಡಲಿ ತಲೆಗೇ ಬಿತ್ತು. ಇಷ್ಟೆಲ್ಲ ಆದಮೇಲೂ ಅದೇ ದೇವರ ಮುಂದೆ ವಿಐಪಿ ಸಾಲು ಮಾಡಿದ್ದೇವೆಂದರೆ ನಮ್ಮ ಧೈರ್ಯವನ್ನು ಮೆಚ್ಚಲೇಬೇಕು.

ಮುಂದಿನದು ಮದುವೆ. ಕೊರವಂಜಿ ವೇಷ ಹಾಕಿ ಆಕಾಶರಾಜನ ಅರಮನೆಗೆ ಹೋಗಿ ಪದ್ಮಾವತಿಯನ್ನು ಒಲಿಸಿಕೊಂಡದ್ದಾಯಿತು. ಕೈಯಲ್ಲಿ ಕಾಸಿಲ್ಲ. ಲಕ್ಷ್ಮಿ ಬಿಟ್ಟುಹೋದ ಮೇಲೆ ಲಕ್ಷ್ಮೀಪತಿಯ ಹತ್ತಿರ ಏನಿರುತ್ತದೆ? ಕುಬೇರನ ಹತ್ತಿರ ರಾಮಮುದ್ರೆಯ 14 ಲಕ್ಷ ನಾಣ್ಯ ಸಾಲ ಎತ್ತಿದ. ಪತ್ರಕ್ಕೆ ಬ್ರಹ್ಮ ಒಬ್ಬ ಸಾಕ್ಷಿ, ಶಿವ ಒಬ್ಬ ಸಾಕ್ಷಿ, ಮೂರನೆಯ ಸಾಕ್ಷಿ ಅಶ್ವತ್ಥ ಮರ. ಬ್ರಹ್ಮ ಮತ್ತು ಶಿವ ರುಜು ಹಾಕಿದರೂ ಇನ್ನೊಂದು ಸಾಕ್ಷಿ ಬೇಕು ಅಂದ ಕುಬೇರ ನಿಜವಾದ ಬ್ಯಾಂಕ್ ಮ್ಯಾನೇಜರ್. ಆ ಬಡ್ಡಿಯನ್ನು ಕಲಿಯುಗ ಮುಗಿಯುವವರೆಗೆ ಕಟ್ಟಬೇಕಂತೆ. ಹಾಗಂತ ವಸೂಲಿಗೆ ಆಳುಗಳನ್ನು ಕಳಿಸಿ ತಿರುಮಲದ ಗರ್ಭಗುಡಿಯಾದ ಆನಂದ ನಿಲಯದ ಬಾಗಿಲಿಗೆ ನೋಟಿಸು ಅಂಟಿಸಿದ ಸುದ್ದಿ ಇಲ್ಲ. ನಮ್ಮ ರಾಜ್ಯದಲ್ಲಿ ಕಿರುಸಾಲದವರ ಕಾಟ ತಡೆಯಲು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕುಬೇರ ಎಷ್ಟೋ ವಾಸಿ.

ಮದುವೆಗೆ ಸಾಲ ಮಾಡುವುದನ್ನು ನಾವು ಈ ಕಥೆಯಿಂದ ಕಲಿತೆವೋ, ನಮ್ಮನ್ನು ನೋಡಿ ಕಥೆ ಕಟ್ಟಿದರೋ ಹೇಳುವುದು ಕಷ್ಟ. ಹರಿಕಥೆಯಲ್ಲಿ ಈ ಪ್ರಸಂಗ ಬಂದಾಗ ಸಭೆಯೆಲ್ಲ ನಗುತ್ತದೆ, ಹೆಣ್ಣು ಹೆತ್ತವರು ಸ್ವಲ್ಪ ತಡವಾಗಿ ನಗುತ್ತಾರೆ. ದೇವರೇ ಸಾಲ ಮಾಡಿ ಮದುವೆಯಾದ, ನಮ್ಮದೇನು ಮಹಾ ಅಂತ ಛತ್ರ ಬುಕ್ ಮಾಡುವವರು ಒಂದು ಸಣ್ಣ ವಿವರವನ್ನು ಮರೆಯುತ್ತಾರೆ. ಆ ಕಥೆಯಲ್ಲಿ ಸಾಲ ಮಾಡಿದ್ದು ಗಂಡು. ಆಕಾಶರಾಜ ಹೊಲ ಅಡವಿಟ್ಟ ಎಂದು ಎಲ್ಲೂ ಬರೆದಿಲ್ಲ. ಮುಡಿ ಕೊಟ್ಟೆವು, ಮುಡಿಪು ಕಟ್ಟಿದೆವು, ಮೂರು ನಾಮ ಇಟ್ಟೆವು. ಇದೊಂದನ್ನು ಮಾತ್ರ ಯಾರೂ ಆಚರಣೆಗೆ ತರಲಿಲ್ಲ. ಗಂಡಿನ ಕಡೆಯವರಿಗೆ ಇದನ್ನು ಹೇಳಿ ನೋಡಿ, ಕಾಫಿ ಕುಡಿಯದೆ ಎದ್ದು ಹೋಗುತ್ತಾರೆ.

ಸಾಲದ ಕಥೆಗೆ ಈಗ ಹೊಸ ಅಧ್ಯಾಯವೊಂದು ಸೇರಿದೆ. ತಿರುಮಲದ ಆಡಳಿತ ನೋಡಿಕೊಳ್ಳುವ ತಿರುಮಲ ತಿರುಪತಿ ದೇವಸ್ಥಾನಂ (ಟಿಟಿಡಿ) 2022ರ ನವೆಂಬರಿನಲ್ಲಿ ತಾನೇ ಪ್ರಕಟಿಸಿದ ಲೆಕ್ಕದಲ್ಲಿ ಬ್ಯಾಂಕುಗಳಲ್ಲಿರುವ ಠೇವಣಿ 15,938 ಕೋಟಿ ರೂಪಾಯಿ, ಜೊತೆಗೆ 10 ಟನ್ನಿಗೂ ಮೀರಿದ ಚಿನ್ನ. ಅತ್ತ ಸಾಲಕ್ಕೆ ಬಡ್ಡಿ ಕಟ್ಟುತ್ತಾ ಇತ್ತ ಠೇವಣಿಗೆ ಬಡ್ಡಿ ಎಣಿಸುವ ಗಿರಾಕಿ ಮೂರು ಲೋಕದಲ್ಲಿ ಇವನೊಬ್ಬನೇ ಇರಬೇಕು. ಮೊದಲು ಸಾಲ ತೀರಿಸಪ್ಪಾ ಅಂತ ಚೀಟಿ ನಡೆಸುವ ಯಾವ ಗೃಹಿಣಿಯಾದರೂ ಹೇಳಿಯಾಳು. ಬೆಟ್ಟದ ಕೆಳಗೆ ಅಣ್ಣ ಗೋವಿಂದರಾಜ ಇದ್ದಾನಲ್ಲ, ಕುಬೇರನಿಗೆ ಕೊಡುವ ಹಣ ಅಳೆದೂ ಅಳೆದೂ ಸುಸ್ತಾಗಿ ಕೊಳಗವನ್ನೇ ತಲೆದಿಂಬು ಮಾಡಿಕೊಂಡು ಮಲಗಿಬಿಟ್ಟಿದ್ದಾನೆ ಅಂತ ಜನ ಹೇಳುತ್ತಾರೆ. ಲೆಕ್ಕ ಕೇಳಿದ ಕೂಡಲೇ ನಿದ್ದೆಗೆ ಜಾರುವ ವಿದ್ಯೆ ಅಲ್ಲಿಂದಲೇ ನಮ್ಮ ಇಲಾಖೆಗಳಿಗೂ ಬಂದಿರಬಹುದು.

ಕುಬೇರ ಬಿಡಿ, ಜಾಗದ ಕರಾರಿನ ಗತಿ ಏನಾಗಿದೆ ನೋಡಿ. ಬೆಟ್ಟ ವರಾಹಸ್ವಾಮಿಯದು. ಜಾಗ ಬೇಡಿದ ಶ್ರೀನಿವಾಸನ ಬಳಿ ಬಾಡಿಗೆಗೂ ದುಡ್ಡಿರಲಿಲ್ಲ. ಅದಕ್ಕೆ, ಮೊದಲ ದರ್ಶನ ನಿನಗೆ, ಮೊದಲ ಪೂಜೆ ನಿನಗೆ, ಮೊದಲ ನೈವೇದ್ಯ ನಿನಗೆ ಅಂತ ಬರೆದುಕೊಟ್ಟ. ಆ ಪ್ರಕಾರ ಪುಷ್ಕರಿಣಿಯ ದಡದಲ್ಲಿರುವ ವರಾಹನನ್ನು ನೋಡಿಯೇ ಮುಂದೆ ಹೋಗಬೇಕು. ದೇವರೇ ಸಹಿ ಮಾಡಿದ ಪ್ರೋಟೋಕಾಲ್ ಅಂತ ಇದ್ದರೆ ಅದು ಇದೊಂದೇ. ಅವಸರದಲ್ಲಿ ಬಂದು ಅವಸರದಲ್ಲಿ ಹೋಗುವವರು ಮೊದಲು ಬಿಡುವುದೂ ಇದನ್ನೇ. ವರಾಹನ ಗುಡಿಯ ಮುಂದೆ ಕ್ಯಾಮೆರಾ ಇರುವುದಿಲ್ಲವಲ್ಲ.

ಕುಂಬಾರ ಭೀಮನ ಕಥೆ ಕೇಳಿದ್ದೀರಲ್ಲ? ತೊಂಡಮಾನ ರಾಜ ದಿನಾ ಚಿನ್ನದ ಹೂಗಳನ್ನು ಅರ್ಪಿಸುತ್ತಿದ್ದ. ಒಂದು ದಿನ ನೋಡಿದರೆ ತನ್ನ ಹೂ ಪಕ್ಕಕ್ಕೆ ಸರಿದಿದೆ, ಸ್ವಾಮಿಯ ಪಾದದ ಮೇಲೆ ಮಣ್ಣಿನ ಹೂ. ಯಾರದಪ್ಪಾ ಎಂದು ಹುಡುಕಿಸಿದರೆ, ಮಡಕೆ ಮಾಡುತ್ತಾ ಕೈಗಂಟಿದ ಮಣ್ಣಿನಲ್ಲೇ ಹೂ ಮಾಡಿ ಮನೆಯಲ್ಲಿದ್ದ ಮೂರ್ತಿಗೆ ಇಡುತ್ತಿದ್ದ ಕುಂಬಾರನೊಬ್ಬ. ದೇವಸ್ಥಾನಕ್ಕೆ ಬರಲು ಅವನಿಗೆ ಬಿಡುವೇ ಇರಲಿಲ್ಲ. ಇವತ್ತಿಗೂ ಕುಲಶೇಖರ ಪಡಿ ಎಂಬ ಹೊಸ್ತಿಲನ್ನು ದಾಟಿ ಗರ್ಭಗುಡಿಯೊಳಗೆ ಹೋಗುವುದು ಮಣ್ಣಿನ ಒಡಕು ಮಡಕೆಯಲ್ಲಿಟ್ಟ ಮೊಸರನ್ನ, ಪ್ರಪಂಚವೆಲ್ಲ ಬೀಗುವ ಲಡ್ಡು ಹೊಸ್ತಿಲಾಚೆಯೇ ನಿಲ್ಲುತ್ತದೆ ಎನ್ನುತ್ತದೆ ಸಂಪ್ರದಾಯ. ಮಡಕೆ ಒಳಗೆ, ಮಡಕೆ ಮಾಡಿದವನ ಮೊಮ್ಮಕ್ಕಳು ಕ್ಯೂ ಕಾಂಪ್ಲೆಕ್ಸಿನ ಕಂಬಿಯ ಹಿಂದೆ. ಆ ಹೊಸ್ತಿಲಿಗೆ ಕುಲಶೇಖರನ ಹೆಸರು ಬಂದದ್ದೂ, ನಿನ್ನ ಬಾಗಿಲ ಮೆಟ್ಟಿಲಾಗಿಯಾದರೂ ಬಿದ್ದಿರುತ್ತೇನೆ ಅಂತ ಆ ರಾಜ ಬೇಡಿಕೊಂಡದ್ದರಿಂದ. ರಾಜ ಮೆಟ್ಟಿಲಾಗಲು ಹಂಬಲಿಸಿದ. ಈಗಿನವರಿಗೆ ಆ ಮೆಟ್ಟಿಲ ತನಕ ಹೋಗಲು ಪತ್ರ ಬೇಕು, ಹಿಂದೆ ಇಬ್ಬರು ಗನ್‌ಮ್ಯಾನ್ ಬೇಕು, ಬಾವಮೈದನ ಸಂಸಾರಕ್ಕೂ ಜಾಗ ಬೇಕು.

ಪತ್ರ ಸಿಗದವರಿಗೂ ದಾರಿ ಇದೆ. ಟಿಟಿಡಿಯ ಶ್ರೀವಾಣಿ ಟ್ರಸ್ಟಿಗೆ 10,000 ರೂಪಾಯಿ ದೇಣಿಗೆ, ಮೇಲೆ 500 ರೂಪಾಯಿಯ ಟಿಕೆಟ್, ಬ್ರೇಕ್ ದರ್ಶನ ಖಾತ್ರಿ. ಆ ಹಣದಲ್ಲಿ ದಲಿತ ಕೇರಿಗಳಲ್ಲೂ ಗುಡಿ ಕಟ್ಟಿಸುತ್ತಾರೆ, ಇಲ್ಲವೆನ್ನುವುದಿಲ್ಲ. ಅಲ್ಲೇ ಗುಡಿ ಕಟ್ಟಿಸಿಕೊಟ್ಟಿದ್ದೇವಲ್ಲ, ಇಲ್ಲೇಕೆ ತಳ್ಳಾಟ ಅನ್ನುವ ಕಾಳಜಿಯೂ ಅದರಲ್ಲಿ ಇದ್ದೀತು.

ಮಹಾದ್ವಾರ ದಾಟಿದ ಕೂಡಲೇ ಬಲಕ್ಕೆ ಕೃಷ್ಣದೇವರಾಯ ತಿರುಮಲದೇವಿ, ಚಿನ್ನಾದೇವಿಯರ ಜೊತೆ ತಾಮ್ರದ ಪ್ರತಿಮೆಯಾಗಿ ಕೈಮುಗಿದು ನಿಂತಿದ್ದಾನೆ. ಕುಳಿತಿಲ್ಲ, ನಿಂತಿದ್ದಾನೆ. 1513ರಿಂದ 1521ರ ನಡುವೆ ಏಳು ಸಲ ಬಂದು ಹೋದ, ಕೊಟ್ಟದ್ದನ್ನೆಲ್ಲ ಶಾಸನದಲ್ಲಿ ಬರೆಸಿದ. ಯಾರ ಪತ್ರ ತಂದಿದ್ದ ಎಂಬುದನ್ನು ಮಾತ್ರ ಬರೆಸಲಿಲ್ಲ.

ತಮಾಷೆ ಇಲ್ಲಿಗೆ ಸಾಕು. ಕೋರ್ಟು ತನ್ನ ಅಭಿಪ್ರಾಯ ಹೇಳುವ ಮೂರು ವಾರ ಮೊದಲು, 2025ರ ಜನವರಿ 8ರ ರಾತ್ರಿ, ತಿರುಪತಿಯಲ್ಲಿ ಆರು ಜನ ಸತ್ತರು. ದರ್ಶನದಲ್ಲಿ ಅಲ್ಲ, ದರ್ಶನದ ಟೋಕನ್ನಿಗೆ ಕಾಯುವಾಗ. ವೈಕುಂಠ ಏಕಾದಶಿಗೆ ತೆರೆಯುವ ವೈಕುಂಠ ದ್ವಾರದ ಟೋಕನ್ ಮರುದಿನ ಬೆಳಿಗ್ಗೆ ಕೊಡುವುದಿತ್ತು, ಜನ ಹಿಂದಿನ ದಿನವೇ ಬಂದು ಸೇರಿದ್ದರು, ಗೇಟು ತೆರೆಯಿತು, ನುಗ್ಗಿದರು. ಅಷ್ಟೇ. ಅವರು ಭೃಗುವಿನಂತೆ ಯಾರ ಎದೆಗೂ ಒದ್ದವರಲ್ಲ. ಬೇರೆಯವರ ಕಾಲು ಅವರ ಎದೆಯ ಮೇಲೆ ಬಿತ್ತು. ಆಮೇಲೆ ಪರಿಹಾರ, ತನಿಖೆ, ಕ್ಷಮೆ, ಪತ್ರಿಕಾಗೋಷ್ಠಿ. ಬಡವ ಸಾಲಿನಲ್ಲಿ ಸತ್ತರೆ ಅದು ಜನಸಂದಣಿಯ ಸಮಸ್ಯೆ; ಗಣ್ಯ ಸಾಲಿನಲ್ಲಿ ನಿಂತರೆ ಅದು ಭದ್ರತೆಯ ಸಮಸ್ಯೆ. ಇದನ್ನು ಎಷ್ಟು ಸಲ ಬರೆಯುವುದು, ಬರೆದು ಏನಾಗಬೇಕು, ನನಗೂ ಬೇಜಾರಾಗಿದೆ.

ಜನವರಿ 10ರ ಮುಂಜಾನೆ ದ್ವಾರ ತೆರೆಯಿತು, ಗಣ್ಯರೂ ಬಂದರು. ಬೆಟ್ಟದ ಮೇಲೆ ರಾಜಕೀಯ ಮಾತಾಡಬಾರದೆಂದು ಟಿಟಿಡಿ 2024ರ ನವೆಂಬರಿನಲ್ಲಿ ತೀರ್ಮಾನ ಮಾಡಿದ ಮೇಲೆ ಪಾಪ ಅವರಿಗೂ ವಿಷಯ ಕಡಿಮೆಯಾಗಿದೆ. ಶಾಲು ಹೊದ್ದು ಹೊರಬಂದು ಮೈಕಿನ ಮುಂದೆ ನಿಂತು, ಲೋಕಕಲ್ಯಾಣಕ್ಕಾಗಿ ಬೇಡಿಕೊಂಡೆ ಅನ್ನುವುದೊಂದೇ ಉಳಿದಿರುವುದು. ಲೋಕ ಅಲ್ಲೇ ಹಿಂದೆ ಸಾಲಿನಲ್ಲಿ ನಿಂತಿದೆ ಸ್ವಾಮಿ, ಒಂಚೂರು ಪಕ್ಕಕ್ಕೆ ಸರೀರಿ.